ಹರಳಿನ ವಿಳಾಸ ಕೇಳುವವರಿಗೆ

ಮಳೆಗಾಲ ಮುಗಿದು ಘಟ್ಟದ ಕಾಲುದಾರಿಗಳಲ್ಲಿ ಜಿಗಣೆಯ ಕಾಟ ತಗ್ಗುವ ಹೊತ್ತಿಗೆ ಕೊಡಗಿನ ಪಶ್ಚಿಮದ ಅಂಚಿನ ಊರುಗಳಿಗೆ ಎರಡು ಬಗೆಯ ಜನ ಬರುತ್ತಾರೆ. ಮೊದಲನೆಯವರು ಹಗಲಿನಲ್ಲಿ ಬಸ್ಸಿಳಿದು ನಡೆದು ಬರುವವರು. ಹೆಗಲಲ್ಲಿ ಚೀಲ, ಕೈಯಲ್ಲಿ ಸುತ್ತಿಗೆ, ಜೇಬಿನಲ್ಲಿ ಟಿಪ್ಪಣಿ ಪುಸ್ತಕ. ಭೂವಿಜ್ಞಾನದ ವಿದ್ಯಾರ್ಥಿಗಳು ಅಥವಾ ಕಲ್ಲು ಕೂಡಿಡುವ ಹವ್ಯಾಸದವರು. ಎರಡನೆಯವರು ಇಳಿಹೊತ್ತಿನ ಮೇಲೆ ಜೀಪಿನಲ್ಲಿ ಬರುವವರು. ಅವರ ಕೈಯಲ್ಲಿ ಸುತ್ತಿಗೆಯಿರುವುದಿಲ್ಲ, ಜೇಬಿನಲ್ಲಿ ನೋಟಿನ ಕಟ್ಟು ಇರುತ್ತದೆ. ಇವರಿಬ್ಬರ ನಡುವೆ ಯಾವ ಸಂಬಂಧವೂ ಇಲ್ಲ. ಆದರೆ ಊರಿನ ಅಂಗಡಿಯ ಮುಂದೆ ನಿಂತು ಇಬ್ಬರೂ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಇಲ್ಲಿ ಹರಳುಕಲ್ಲು ಎಲ್ಲಿ ಸಿಗುತ್ತದೆ?"

ಮಲೆನಾಡಿನವನು ಅತಿಥಿಗೆ ದಾರಿ ತೋರಿಸದೆ ಕಳಿಸುವವನಲ್ಲ. ಕಾಫಿ ಕೊಟ್ಟು, ಬೆರಳೆತ್ತಿ, ಇಂಥ ಕೊಲ್ಲಿ, ಇಂಥ ಮೊಟ್ಟೆ, ಇಂಥ ಬಂಡೆಯ ಮಗ್ಗುಲು ಎಂದು ಹೇಳಿಬಿಡುವುದು ಅವನಿಗೆ ಸಹಜ. ಆ ಬೆರಳು ತೋರಿದ ದಿಕ್ಕಿನಲ್ಲಿ ಮುಂದೆ ಏನಾಗುತ್ತದೆ ಎಂಬುದನ್ನು ಈಗಲಾದರೂ ಕುಳಿತು ಯೋಚಿಸಬೇಕಾಗಿದೆ. ಕಲ್ಲು ಎಲ್ಲಿ ಸಿಗುತ್ತದೆ ಎಂಬ ಪಟ್ಟಿ ಮಾಡುವುದು ಮುಗ್ಧ ಕೆಲಸವೆಂದು ನಂಬಿದ ಕಾಲ ಮುಗಿದಿದೆ.

ಹರಳು ಎಂದರೇನು?

ಮೊದಲು ವಸ್ತುವಿನ ಪರಿಚಯವಾಗಲಿ. ಘಟ್ಟದ ಕಾಡಿನಲ್ಲಿ 'ಹರಳುಕಲ್ಲು' ಎಂದು ಕರೆಯಲ್ಪಡುವ ಕೆಂಪು, ನಸುನೇರಳೆ ಬಣ್ಣದ ಕಣಗಳು ಬಹುಮಟ್ಟಿಗೆ ಗಾರ್ನೆಟ್ ಎಂಬ ಖನಿಜ. ಅಲ್ಲಲ್ಲಿ ಕುರಂದವೂ ಉಂಟು. ಸಾಣೆ ಹಿಡಿಯಲು ಬಳಸುತ್ತಿದ್ದ ಆ ಕುರಂದದ ಹೆಸರೇ ದಕ್ಷಿಣ ಭಾರತದ ನುಡಿಗಳಿಂದ ಹೊರಟು ಇಂಗ್ಲಿಷಿನಲ್ಲಿ 'ಕೊರಂಡಮ್' ಆಯಿತು. ಅದರ ಶುದ್ಧ ಕೆಂಪು ರೂಪವೇ ಮಾಣಿಕ್ಯ. ಅಂಥ ಮಾಣಿಕ್ಯ ಅಪರೂಪ. ಅಗೆಯುವವನ ಕಣ್ಣಿನಲ್ಲಿರುವುದು ಮಾಣಿಕ್ಯ. ಅವನ ಜರಡಿಯಲ್ಲಿ ಉಳಿಯುವುದು ಹೆಚ್ಚಾಗಿ ಗಾರ್ನೆಟ್.

ಕೊಡಗಿನ ನೆಲ ಕರ್ನಾಟಕದ ಅತ್ಯಂತ ಪುರಾತನ ನೆಲಗಳಲ್ಲಿ ಒಂದು. ಇಲ್ಲಿನ ನೈಸ್ ಮತ್ತು ಚಾರ್ನೊಕೈಟ್ ಶಿಲೆಗಳಲ್ಲಿ ಹಲವಕ್ಕೆ 300 ಕೋಟಿ ವರ್ಷಗಳನ್ನೂ ಮೀರಿದ ವಯಸ್ಸಾಗಿದೆ. ಒಂದು ಕಾಲದಲ್ಲಿ ಭೂಮಿಯ ಹೊಟ್ಟೆಯಲ್ಲಿ ಹತ್ತಾರು ಕಿಲೋಮೀಟರ್ ಆಳದಲ್ಲಿ ಬೆಂದು, ಒತ್ತಿ, ಮಡಿಚಿಕೊಂಡ ಶಿಲೆಗಳಿವು. ಆ ಬೇಗೆಯಲ್ಲಿ ಹುಟ್ಟಿದ ಕಣವೇ ಗಾರ್ನೆಟ್. ಅದರ ಮಗ್ಗುಲಲ್ಲಿಯೇ ಕಾಗೆಬಂಗಾರದ ಜಾತಿಗೆ ಸೇರಿದ ಕಪ್ಪು ಅಭ್ರಕ, ಬಿಳಿಯ ಫೆಲ್ಡ್‌ಸ್ಪಾರ್, ಬೆಣಚುಕಲ್ಲು ಹುಟ್ಟಿರುತ್ತವೆ. ಈ ನೆರೆಹೊರೆಯ ಖನಿಜಗಳ ರಾಸಾಯನಿಕ ರಚನೆಯನ್ನು ಗಾರ್ನೆಟ್ಟಿನ ರಚನೆಯೊಂದಿಗೆ ಹೋಲಿಸಿ, ಆ ಶಿಲೆ ಎಷ್ಟು ಆಳದಲ್ಲಿ, ಎಷ್ಟು ಶಾಖದಲ್ಲಿ ಬೆಂದಿತ್ತು ಎಂಬುದನ್ನು ಭೂವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಇಡೀ ಬೆಟ್ಟ ಹೇಗೆ ಹುಟ್ಟಿ ಮೇಲೆದ್ದಿತು ಎಂಬ ಕಥೆ ಅಲ್ಲಿ ಬರೆದಿರುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಕಥೆ ಹರಳೊಂದರಲ್ಲಿಯೇ ಇಲ್ಲ. ಹರಳು ಮತ್ತು ಅದರ ನೆರೆಯ ನಡುವೆ ಇದೆ. ಕಿತ್ತು ತೆಗೆದು ಡಬ್ಬಿಯಲ್ಲಿಟ್ಟ ಹರಳು ಹೊಳೆಯುತ್ತದೆ, ಆದರೆ ಹೇಳಬೇಕಾದುದರಲ್ಲಿ ಮುಖ್ಯವಾದುದನ್ನು ಹೇಳುವುದಿಲ್ಲ. ವ್ಯಾಪಾರಿಗೆ ಅದರಿಂದ ನಷ್ಟವಿಲ್ಲ. ಅವನಿಗೆ ಬೇಕಾದದ್ದು ಹೊಳಪು ಮಾತ್ರ. ನಷ್ಟ ವಿದ್ಯಾರ್ಥಿಗೆ, ಮತ್ತು ಊರಿಗೆ.

ಗುಂಡಿಯ ಲೆಕ್ಕ

ಪುಷ್ಪಗಿರಿಯಿಂದ ತಲಕಾವೇರಿಯವರೆಗಿನ ಕಾಡಿನಲ್ಲಿ ಮತ್ತು ಅದಕ್ಕೆ ಹೊಂದಿದ ಸುಳ್ಯ ಸೀಮೆಯ ಮೀಸಲು ಅರಣ್ಯಗಳಲ್ಲಿ ನಡೆಯುವ ಹರಳುಕಲ್ಲು ದಂಧೆ ಹೊಸತಲ್ಲ. ಪತ್ರಿಕೆಗಳಲ್ಲಿ ಅದರ ವರದಿ ದಶಕಗಳಿಂದ ಬರುತ್ತಲೇ ಇದೆ. ಬಂಧನ, ವಶ, ಮೊಕದ್ದಮೆ, ಮರುವರ್ಷ ಮತ್ತೆ ಗುಂಡಿ. ಈ ಲೇಖನದಲ್ಲಿ ಆ ಕೊಲ್ಲಿಗಳ, ಆ ಮೊಟ್ಟೆಗಳ ಹೆಸರಿಲ್ಲ. ಅದು ಮರೆವಿನಿಂದಾದ ಲೋಪವಲ್ಲ. ಹೆಸರು ಅಚ್ಚಾದ ಜಾಗಕ್ಕೆ ಮುಂದಿನ ಬೇಸಿಗೆಯಲ್ಲಿ ಗುದ್ದಲಿ ಹೋಗುತ್ತದೆ.

ದಂಧೆಯ ವಿಧಾನ ಸರಳ. ಕಾಡಿನ ಇಳಿಜಾರಿನಲ್ಲಿ ಗುಂಡಿ ತೋಡುವುದು, ಹರಳಿನ ಪದರ ಸಿಕ್ಕಿದರೆ ಅದರ ಬೆನ್ನು ಹಿಡಿದು ಸುರಂಗ ಕೊರೆಯುವುದು, ಮಣ್ಣನ್ನು ಹೊತ್ತು ತಂದು ಕೊಲ್ಲಿಯ ನೀರಿನಲ್ಲಿ ಜರಡಿ ಹಿಡಿದು ತೊಳೆಯುವುದು. ಹಿಡಿ ಹರಳಿಗಾಗಿ ಬುಟ್ಟಿಗಟ್ಟಲೆ ಮಣ್ಣು ನೀರಿಗೆ ಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಆ ಮಣ್ಣಿನಲ್ಲಿ ಏನೇನು ಇರುತ್ತದೆ ಎಂಬುದನ್ನು ಕೃಷಿಕರಿಗೆ ವಿವರಿಸಬೇಕಾಗಿಲ್ಲ. ಮೊದಲು ತರಗೆಲೆ, ಅದರ ಕೆಳಗೆ ಕಪ್ಪು ಕೊಳೆಮಣ್ಣು, ಅದನ್ನು ಹೆಣೆದು ಹಿಡಿದ ಬೇರಿನ ಬಲೆ, ಅದರಡಿ ಕೆಮ್ಮಣ್ಣು, ಮತ್ತೂ ಕೆಳಗೆ ಕಲ್ಲಾಗಿ ಉಳಿಯದೆ ಮಣ್ಣೂ ಆಗದೆ ನಿಂತಿರುವ ಶಿಥಿಲ ಶಿಲೆ. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಅದನ್ನು ಹೊಳೆಗೆ ಸುರಿಯಲು ಇಬ್ಬರು ಆಳು, ಒಂದು ಬೆಳಗು ಸಾಕು.

ಹೊಳೆಗೆ ಸುರಿದ ಮಣ್ಣು ಅಲ್ಲಿಯೇ ನಿಲ್ಲುವುದಿಲ್ಲ. ಮೀನು ಮೊಟ್ಟೆಯಿಡುವ ಗೊರಚು ಹೂಳಿನಡಿ ಸೇರುತ್ತದೆ. ಕಲ್ಲಿನ ಸಂದಿಯಲ್ಲಿ ಸಂತಾನ ಬೆಳೆಸುವ ಕಪ್ಪೆಗೆ ನೆಲೆ ತಪ್ಪುತ್ತದೆ. ಕೊಲ್ಲಿಯಿಂದ ಪೈಪೆಳೆದು ಮನೆಗೆ ನೀರು ತಂದುಕೊಂಡವರ ತೊಟ್ಟಿಯ ತಳದಲ್ಲಿ ಕೆಂಪು ಕೆಸರು ಕೂರುತ್ತದೆ. ಮುಚ್ಚದೆ ಬಿಟ್ಟ ಗುಂಡಿ ಕಡವೆಗೂ ಆನೆಮರಿಗೂ ಬಲೆಯಾಗುತ್ತದೆ. ಹರಳು ಯಾವುದೋ ಊರಿನಲ್ಲಿ ಸಾಣೆಗೆ ಹೋಗಿ ಯಾರದೋ ಬೆರಳಿನಲ್ಲಿ ಮಿನುಗುತ್ತದೆ. ಗುಂಡಿ ಮಾತ್ರ ಊರಿನಲ್ಲಿಯೇ ಉಳಿಯುತ್ತದೆ.

ಕುಸಿದ ಬೆಟ್ಟಗಳ ನೆನಪು

2018ರ ಆಗಸ್ಟ್ ತಿಂಗಳನ್ನು ಕೊಡಗು ಮರೆತಿಲ್ಲ. ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲಗಳಲ್ಲಿ ಬೆಟ್ಟಗಳೇ ಜಾರಿ ಮನೆ, ತೋಟ, ಗದ್ದೆ, ರಸ್ತೆಗಳ ಮೇಲೆ ಬಂದವು. ಮರುವರ್ಷ ತೋರ ಗ್ರಾಮ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ. 2024ರ ಜುಲೈ 30ರಂದು ಗಡಿಯಾಚೆಯ ವಯನಾಡಿನಲ್ಲಿ ಚೂರಲ್‌ಮಲ, ಮುಂಡಕೈಗಳು ನೂರಾರು ಜನರೊಂದಿಗೆ ಕೊಚ್ಚಿಹೋದವು.

ಈ ದುರಂತಗಳನ್ನು ಹರಳುಕಲ್ಲಿನ ಗುಂಡಿಗಳ ತಲೆಗೆ ಕಟ್ಟುವುದು ಪ್ರಾಮಾಣಿಕವಾದ ಮಾತಾಗುವುದಿಲ್ಲ. ಅಸಾಧಾರಣ ಮಳೆಯೇ ಮೊದಲ ಕಾರಣ. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಮಳೆಯ ಜೊತೆಗೆ, ರಸ್ತೆಗಾಗಿ ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಎತ್ತಿ ತೋರಿಸಿದ್ದರು. ಹೀಗಿದ್ದರೂ ಕುಸಿತದ ಒಳಗಿನ ಯಾಂತ್ರಿಕತೆಯನ್ನು ಅರಿತವರಿಗೆ ಹರಳಿನ ಗುಂಡಿ ನಿದ್ದೆಗೆಡಿಸದೆ ಇರದು. ಘಟ್ಟದ ಇಳಿಜಾರಿನಲ್ಲಿ ಗಟ್ಟಿ ಬಂಡೆಯ ಮೇಲೆ ಹಲವಾರು ಅಡಿ ದಪ್ಪದ ಶಿಥಿಲ ಶಿಲೆ ಮತ್ತು ಜೇಡಿ ಕುಳಿತಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಕಣಗಳ ನಡುವಿನ ಘರ್ಷಣೆ ಮತ್ತು ಮರದ ಬೇರು. ಮೇಲಿನಿಂದ ನೀರು ಇಳಿದು ಕಣಗಳ ಸಂದಿಯಲ್ಲಿ ಒತ್ತಡ ಹೆಚ್ಚಿದಂತೆ ಘರ್ಷಣೆ ಕುಗ್ಗುತ್ತದೆ. ಒಂದು ಮಟ್ಟ ದಾಟಿದಾಗ ಇಡೀ ಹೊದಿಕೆ ಜಾರುತ್ತದೆ. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದೂ ವಿವೇಕವಲ್ಲ ಎಂಬುದು ಮಣ್ಣು-ನೀರು ಸಂರಕ್ಷಣೆಯ ಮೊದಲ ಪಾಠಗಳಲ್ಲೊಂದು. ಹಾಗಿರುವಾಗ ಬೇರು ಕಡಿದು, ಸುರಂಗ ಕೊರೆದು, ಬಾಯಿ ತೆರೆದು ಬಿಟ್ಟ ಗುಂಡಿಯನ್ನು ಮುಂಗಾರಿಗೆ ಒಪ್ಪಿಸುವುದನ್ನು ಏನೆನ್ನಬೇಕು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬಾಯಿಗೆ ನೀರು ಸುರಿಯುತ್ತಲೇ ಇರುತ್ತದೆ. ಯಾವ ಗುಂಡಿ ಯಾವ ವರ್ಷ ಬೆಟ್ಟವನ್ನು ಜಾರಿಸುತ್ತದೆ ಎಂದು ಹೇಳಬಲ್ಲವರಿಲ್ಲ. ಹೇಳಲಾಗದು ಎಂಬುದೇ ಅಗೆಯದಿರಲು ಸಾಕಾದ ಕಾರಣ.

ಕಾನೂನು ಯಾರ ಕೊರಳಿಗೆ?

ಕಾನೂನಿನ ವಿಷಯದಲ್ಲಿ ಹಳ್ಳಿಗಳಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಕಾಡಿನಲ್ಲಿ ಬಿದ್ದ ಕಲ್ಲು ಯಾರದೂ ಅಲ್ಲ ಎಂಬುದು ಒಂದು. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಕಾಡಿನ ಕಲ್ಲು ಮತ್ತು ಖನಿಜಗಳೂ ಮರದಂತೆ, ಜೇನಿನಂತೆ ಅರಣ್ಯ ಉತ್ಪನ್ನಗಳೇ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 29ನೆಯ ಕಲಮು ಅಭಯಾರಣ್ಯದಿಂದ ಅರಣ್ಯ ಉತ್ಪನ್ನವನ್ನು ಅನುಮತಿಯಿಲ್ಲದೆ ಹೊರಗೆ ಸಾಗಿಸುವುದನ್ನು ನಿಷೇಧಿಸುತ್ತದೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಮೂರೂ ಅಭಯಾರಣ್ಯಗಳು. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇವೂ ಇವೆ. ಅಲ್ಲಿ ವ್ಯಾಪಾರಿಯ ಮೂಟೆಗೂ ವಿದ್ಯಾರ್ಥಿಯ ಚೀಲಕ್ಕೂ ಕಾನೂನು ಒಂದೇ.

ತನ್ನ ತೋಟದಲ್ಲಿ ಸಿಕ್ಕಿದ್ದನ್ನು ತಾನು ಏನು ಬೇಕಾದರೂ ಮಾಡಬಹುದೆಂಬುದು ಎರಡನೆಯ ನಂಬಿಕೆ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಲಬಾರಿನ ಜಮೀನುಗಳ ಪ್ರಕರಣವೊಂದರಲ್ಲಿ, ನೆಲದ ಒಡೆತನದೊಂದಿಗೆ ಸಾಮಾನ್ಯವಾಗಿ ಅದರಡಿಯ ಖನಿಜದ ಒಡೆತನವೂ ಸೇರುತ್ತದೆ ಎಂದು ಹೇಳಿದ್ದು ನಿಜ. ಆದರೆ ಒಡೆತನ ಬೇರೆ, ಅಗೆಯುವ ಪರವಾನಗಿ ಬೇರೆ. ಗಣಿ ಮತ್ತು ಖನಿಜಗಳ ಕಾಯ್ದೆ 1957ರಂತೆ ಪರವಾನಗಿಯಿಲ್ಲದ ಗಣಿಗಾರಿಕೆಗೆ ಐದು ವರ್ಷಗಳವರೆಗೆ ಸೆರೆಮನೆಯ ಶಿಕ್ಷೆಯುಂಟು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಅದರ ಕುಣಿಕೆ ಬೀಳುವುದು ಯಾರ ಕೊರಳಿಗೆ? ಕೂಲಿಗಾಗಿ ಗುಂಡಿಗಿಳಿದವನಿಗೆ. ಸುರಂಗ ಕುಸಿದರೆ ಸಾಯುವವನೂ ಅವನೇ, ಅರಣ್ಯ ಸಿಬ್ಬಂದಿ ಬಂದಾಗ ಓಡಲಾಗದೆ ಸಿಕ್ಕಿಬೀಳುವವನೂ ಅವನೇ, ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವವನೂ ಅವನೇ. ಜೀಪಿನಲ್ಲಿ ಬಂದು ಮುಂಗಡ ಕೊಟ್ಟವನು ಮೊಕದ್ದಮೆಯ ಕಾಗದದಲ್ಲಿ ಹೆಚ್ಚಾಗಿ ಕಾಣಿಸುವುದಿಲ್ಲ. ಕೊಳ್ಳುವವನನ್ನು ಬಿಟ್ಟು ಅಗೆಯುವವನನ್ನು ಮಾತ್ರ ಹಿಡಿಯುವ ಕ್ರಮದಿಂದ ಕಾಡು ಉಳಿಯುವುದಿಲ್ಲ. ಅಗೆಯುವವರ ಹೆಸರು ಬದಲಾಗುತ್ತದೆ, ಅಷ್ಟೆ. ತೋಟದ ಕೆಲಸ ನಿಂತ ತಿಂಗಳುಗಳಲ್ಲಿ ಕಾಡಂಚಿನ ಬಡವನಿಗೆ ಕೂಲಿ ದೊರಕಿಸುವುದೂ ಹರಳಿನ ದಂಧೆಯನ್ನು ತಡೆಯುವ ಕಾರ್ಯವೇ ಎಂಬುದನ್ನು ಆಡಳಿತ ಅರಿಯಬೇಕು.

ದೊಡ್ಡ ಗಣಿ, ಸಣ್ಣ ಚೀಲ

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಬೆಟ್ಟಕ್ಕೆ ಬೆಟ್ಟವನ್ನೇ ಅಗೆದು ಸಾಗಿಸಿದವರಿರುವಾಗ, ಒಂದು ಕಲ್ಲು ಚೀಲಕ್ಕೆ ಹಾಕಿಕೊಂಡ ಹುಡುಗನನ್ನು ಗದರಿಸುವುದು ಯಾವ ನ್ಯಾಯ?

ಕುದುರೆಮುಖದ ಉದಾಹರಣೆಯೇ ಇದಕ್ಕೆ ಉತ್ತರ. ಅಲ್ಲಿನ ಕಬ್ಬಿಣದ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಗುರುತಿಸಿದ್ದು 1913ರಲ್ಲಿ. ಅವರು ಬರೆದಿಟ್ಟದ್ದು ಒಂದು ವಿಳಾಸ ಮಾತ್ರ. ಆರು ದಶಕಗಳ ನಂತರ, 1976ರಲ್ಲಿ, ಆ ವಿಳಾಸ ಹಿಡಿದು ಸರಕಾರಿ ಕಂಪನಿಯೊಂದು ಸ್ಥಾಪನೆಯಾಯಿತು. ಭದ್ರೆಯ ತವರಿನಲ್ಲಿ ಗುಡ್ಡಗಳ ನೆತ್ತಿ ಹೋಯಿತು, ಲಖ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಿ ಕಣಿವೆಗೆ ಕಣಿವೆಯನ್ನೇ ಗಣಿಯ ಕೆಸರಿನಿಂದ ತುಂಬಲಾಯಿತು. ಜನರ ಹೋರಾಟ ವರ್ಷಗಳ ಕಾಲ ನಡೆದು, 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯದ ಆದೇಶ ಬಂದು, 2005ರ ಕೊನೆಗೆ ಗಣಿ ನಿಂತಿತು. ನಿಲ್ಲಿಸಬಹುದು ಎಂಬುದಕ್ಕೆ ಕುದುರೆಮುಖ ಸಾಕ್ಷಿ. ನಿಲ್ಲಿಸಿದ ಮೇಲೂ ಕಡಿದ ನೆತ್ತಿ ಮತ್ತೆ ಬೆಳೆಯುವುದಿಲ್ಲ ಎಂಬುದಕ್ಕೂ ಅದೇ ಸಾಕ್ಷಿ.

ಸಂಪತ್ ಅಯ್ಯಂಗಾರರದು ತಪ್ಪೆಂದು ಯಾರೂ ಹೇಳಲಾರರು. ತಿಳಿಯುವುದು ತಪ್ಪಲ್ಲ. ಆದರೆ ಕಲ್ಲಿನ ವಿಳಾಸ ಒಮ್ಮೆ ಊರು ಬಿಟ್ಟಿತೆಂದರೆ ಅದು ಯಾರ ಕೈ ಸೇರುತ್ತದೆ ಎಂಬುದು ಬರೆದವನ ಹತೋಟಿಯಲ್ಲಿರುವುದಿಲ್ಲ. ವಿದ್ಯಾರ್ಥಿಯ ಚೀಲದೊಳಗಿನ ಒಂದು ಕಲ್ಲಿನಿಂದ ಬೆಟ್ಟ ಬರಿದಾಗದು. ಅವನು ಊರಿಗೆ ಹೋಗಿ ಗೆಳೆಯರಿಗೆ ಹಂಚುವ, ಮುಂದೆ ಅಪರಿಚಿತರ ಮೊಬೈಲುಗಳಿಗೂ ಹರಿದುಹೋಗುವ 'ಇಂಥಲ್ಲಿ ಸಿಗುತ್ತದೆ' ಎಂಬ ಒಂದು ಸಾಲಿನಿಂದ ಬರಿದಾಗಬಹುದು. ಹವ್ಯಾಸಿಯ ಪಟ್ಟಿಯೇ ದಂಧೆಕೋರನ ಕೈಪಿಡಿ. ಗದರಿಕೆ ಆ ಸಾಲಿಗೆ, ಹುಡುಗನ ಕುತೂಹಲಕ್ಕಲ್ಲ.

ಊರು ಕಳೆದುಕೊಂಡ ಕಲ್ಲು

ಕಲ್ಲು ಸಂಗ್ರಹಿಸಿದ್ದರಿಂದ ಲೋಕಕ್ಕೆ ಮಹದುಪಕಾರವಾದ ಪ್ರಸಂಗಗಳೂ ಉಂಟು. 1863ರ ಮೇ ತಿಂಗಳಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಂದು ಕಲ್ಲಿನ ಆಯುಧವನ್ನು ಎತ್ತಿಕೊಂಡ. ಭಾರತದಲ್ಲಿ ಹಳೆಯ ಶಿಲಾಯುಗದ ಅಧ್ಯಯನ ಆರಂಭವಾದದ್ದು ಆ ಕಲ್ಲಿನಿಂದ. ಮುಂದೆ ಮೈಸೂರು ಸಂಸ್ಥಾನದಲ್ಲಿಯೂ ಭೂವಿಜ್ಞಾನಿಯಾಗಿ ದುಡಿದ ಈತ ಕಲ್ಲನ್ನು ಜೇಬಿಗಿಳಿಸಿ ಸುಮ್ಮನಾಗಲಿಲ್ಲ. ಎಲ್ಲಿ, ಯಾವ ನೆಲದಲ್ಲಿ ಸಿಕ್ಕಿತೆಂಬುದನ್ನು ಬರೆದಿಟ್ಟ. ಆ ಬರಹವಿಲ್ಲದಿದ್ದರೆ ಅದು ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ತುಂಡಾಗಿ ಉಳಿಯುತ್ತಿತ್ತು.

ಇದಕ್ಕೆ ವ್ಯತಿರಿಕ್ತವಾದ ಕಥೆ ಚಾರ್ನೊಕೈಟಿನದು. ಕೊಡಗಿನಲ್ಲಿಯೂ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಕಾಣುವ ಈ ಗಟ್ಟಿ ಕಲ್ಲಿಗೆ ಆ ಹೆಸರು ಬಂದದ್ದು ಕೊಲ್ಕತ್ತಾದ ಒಂದು ಗೋರಿಯಿಂದ. 17ನೆಯ ಶತಮಾನದ ಕೊನೆಯಲ್ಲಿ ತೀರಿಕೊಂಡ ಜಾಬ್ ಚಾರ್ನಾಕನ ಸಮಾಧಿಯ ಕಲ್ಲು ಬಂಗಾಳದ್ದಲ್ಲ, ಮದ್ರಾಸಿನ ಕಡೆಯ ಶಿಲೆ ಎಂದು ಗುರುತಿಸಿದ ಭೂವಿಜ್ಞಾನಿ ಥಾಮಸ್ ಹಾಲೆಂಡ್, 1893ರಲ್ಲಿ ಆ ಶಿಲೆಗೆ ಸತ್ತವನ ಹೆಸರಿಟ್ಟ. ತವರಿನಿಂದ ದೂರ ಹೋದ ಕಲ್ಲು ಯಾರದೋ ಗೋರಿಯ ಹೆಸರು ಹೊತ್ತು ಹಿಂದಿರುಗಿತು.

ಹೆಸರಿನ ವಿಷಯದಲ್ಲಿ ಇನ್ನೂ ಒಂದು ಮಾತು. ಕರಾವಳಿಯವರು ಮುರಕಲ್ಲು ಎನ್ನುವ, ಮಲೆನಾಡಿನವರು ಜಂಬಿಟ್ಟಿಗೆ ಎನ್ನುವ ಕಲ್ಲಿಗೆ 1807ರಲ್ಲಿ 'ಲ್ಯಾಟರೈಟ್' ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಕೇರಳದ ಅಂಗಾಡಿಪುರಂನಲ್ಲಿ ಅವನು ಕಂಡದ್ದು ನೆಲದಲ್ಲಿರುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ, ಇಟ್ಟಿಗೆಯಂತೆ ಕತ್ತರಿಸಬಹುದಾದ ಕಲ್ಲನ್ನು. ಅಲ್ಲಿನ ಜನ ತಲೆಮಾರುಗಳಿಂದ ಅರಿತು ಮಾಡುತ್ತಿದ್ದ ಕೆಲಸವದು. ಹಳ್ಳಿಯವರ ತಿಳಿವಳಿಕೆ ಪುಸ್ತಕ ಸೇರುವಾಗ ಹಳ್ಳಿಯವರು ಹೊರಗೆ ಉಳಿಯುವ ಪದ್ಧತಿ ಅಂದಿನಿಂದ ಇಂದಿನವರೆಗೂ ಬದಲಾಗಿಲ್ಲ. ಬೆಣಚುಕಲ್ಲು, ಕಾಗೆಬಂಗಾರ, ಬಳಪದ ಕಲ್ಲು, ಕುರಂದ, ಗೊರಚು, ಜೇಡಿ ಎಂದು ಇಷ್ಟು ಸೂಕ್ಷ್ಮವಾಗಿ ನೆಲವನ್ನು ಹೆಸರಿಸಿದ ಜನ ಭೂವಿಜ್ಞಾನ ತಮಗೆ ಸಂಬಂಧಿಸಿದ್ದಲ್ಲವೆಂದು ಸುಮ್ಮನಿರಬಾರದು.

ಹಾಗಾದರೆ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು?

ಬೇಡ ಎನ್ನುವುದಷ್ಟೇ ಪರಿಸರ ಚಳವಳಿಯ ಕೆಲಸವೆಂಬ ಆರೋಪವಿದೆ. ಅದಕ್ಕೆ ಇಲ್ಲಿ ಆಸ್ಪದವಿಲ್ಲ. ಕಾಡಿಗೆ ಕೈಹಾಕದೆ ಕಲ್ಲು ಕಲಿಯಲು ಕೊಡಗಿನಂಥ ಜಿಲ್ಲೆಯಲ್ಲಿ ಬೇಕಾದಷ್ಟು ಜಾಗವಿದೆ.

ಮೊದಲನೆಯದು ಮನೆಯ ಹಿತ್ತಿಲು. ಹೊಸದಾಗಿ ತೋಡಿದ ಬಾವಿಯ, ಕೆರೆಯ ಮಣ್ಣಿನ ರಾಶಿ ನೆಲದ ಒಳಗನ್ನು ಪುಕ್ಕಟೆಯಾಗಿ ತೆರೆದು ತೋರಿಸುತ್ತದೆ. ಯಾವ ಅಡಿಯಲ್ಲಿ ಬಣ್ಣ ಬದಲಾಯಿತು, ಯಾವ ಅಡಿಯಲ್ಲಿ ಕಲ್ಲಿನ ಪಟ್ಟೆಗಳು ಕಾಣತೊಡಗಿದವು ಎಂದು ತೋಡಿದವರನ್ನು ಕೇಳಿ ಬರೆದುಕೊಳ್ಳಬೇಕು. ಫೆಲ್ಡ್‌ಸ್ಪಾರ್ ಕೊಳೆತು ಬಿಳಿ ಜೇಡಿಯಾಗುವುದು, ಕಪ್ಪು ಅಭ್ರಕ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣವನ್ನೂ ಒಂದಿಷ್ಟು ಪೊಟ್ಯಾಷನ್ನೂ ಕೊಡುವುದು, ಆ ಕೆಂಪಿನ ಕಬ್ಬಿಣವೇ ತೋಟಕ್ಕೆ ಹಾಕಿದ ರಂಜಕವನ್ನು ಹಿಡಿದಿಟ್ಟುಕೊಳ್ಳುವುದು, ಇವೆಲ್ಲ ಅಲ್ಲಿಯೇ ಕಣ್ಣಿಗೆ ಕಟ್ಟುತ್ತವೆ. ಕಾಫಿ ತೋಟಕ್ಕೆ ಸುಣ್ಣ ಏಕೆ ಹಾಕಬೇಕೆಂಬ ಪ್ರಶ್ನೆಗೂ ಉತ್ತರದ ಬುಡ ಆ ರಾಶಿಯಲ್ಲಿಯೇ ಇದೆ.

ಎರಡನೆಯದು ಹೊಳೆಯ ದಡ. ಬೇಸಿಗೆಯಲ್ಲಿ, ಅಭಯಾರಣ್ಯದ ಹೊರಗಿನ ಬಯಲಿನಲ್ಲಿ, ಮರಳಿನ ಮೇಲೆ ಕಪ್ಪು-ಕೆಂಪು ಗೆರೆಗಳು ಕಾಣುತ್ತವೆ. ಹಗುರವಾದ ಬೆಣಚಿನ ಮರಳನ್ನು ನೀರು ಮುಂದಕ್ಕೆ ಒಯ್ದು ಭಾರದ ಕಣಗಳನ್ನು ಹಿಂದೆ ಬಿಟ್ಟ ಗುರುತು ಅದು. ಆ ಗೆರೆಯ ಒಂದು ಚಿಟಿಕೆ ಮರಳನ್ನು ಕಾಗದದ ಮೇಲೆ ಹರಡಿ, ಕೆಳಗಿನಿಂದ ಅಯಸ್ಕಾಂತ ಆಡಿಸಿದರೆ ಮ್ಯಾಗ್ನೆಟೈಟ್ ಕಣಗಳು ಎದ್ದು ಕುಣಿಯುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಕೆಂಪು ಗಾರ್ನೆಟ್ಟೂ ಕಂಡೀತು. ಬೆಟ್ಟ ತಾನಾಗಿಯೇ ಕಳಿಸಿಕೊಟ್ಟ ಮಾದರಿಯಿದು, ಇದಕ್ಕೆ ಗುದ್ದಲಿ ಬೇಕಿಲ್ಲ.

ಮೂರನೆಯದು ಪರವಾನಗಿಯಿರುವ ಕಲ್ಲುಕೋರೆ. ಒಡೆಯನ ಒಪ್ಪಿಗೆ ಪಡೆದು, ಸಿಡಿಮದ್ದಿನ ಕೆಲಸವಿಲ್ಲದ ದಿನ, ಶಿಕ್ಷಕರೊಂದಿಗೆ ಹೋದರೆ ಮಳೆಗೆ ಸಿಕ್ಕದ ಹೊಸ ಕಲ್ಲಿನ ಮುಖ ಅಲ್ಲಿ ಕಾಣಸಿಗುತ್ತದೆ. ಹೇಗಿದ್ದರೂ ಜಲ್ಲಿಯಾಗಲಿರುವ ಒಂದು ಚೂರನ್ನು ಕೇಳಿ ಪಡೆಯುವುದರಿಂದ ಯಾರಿಗೂ ನಷ್ಟವಿಲ್ಲ. ನಾಲ್ಕನೆಯದು ರಸ್ತೆಯ ಬದಿ ಕಡಿದ ಬರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯಲ್ಲಿ ಮಣ್ಣಾಗುತ್ತಿರುವ ಬೆಟ್ಟದ ಒಳಮೈ ಉದ್ದಕ್ಕೂ ಕಾಣುತ್ತದೆ. ಅದನ್ನು ಒಣದಿನಗಳಲ್ಲಿ ದೂರದಿಂದ ನೋಡಬೇಕು, ಚಿತ್ರ ಬರೆಯಬೇಕು. ಬುಡಕ್ಕೆ ಸುತ್ತಿಗೆ ಹಾಕಬಾರದು.

ಜಿಲ್ಲೆಯ ಹೊರಗೆ ಹೋಗುವ ಅನುಕೂಲವಿದ್ದವರಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಿವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ ಹಿರಿಯ. ಚಿತ್ರದುರ್ಗ ಸೀಮೆಯ ಮರಡಿಹಳ್ಳಿಯಲ್ಲಿ ಸಮುದ್ರದಡಿ ಉಕ್ಕಿ ದಿಂಬಿನಂತೆ ಹೆಪ್ಪುಗಟ್ಟಿದ ಲಾವಾ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಶಿಲಾಸ್ತಂಭಗಳು. ಇಲ್ಲೆಲ್ಲ ಕಣ್ಣಿಗೆ ಕೆಲಸ, ಕೈಗೆ ವಿರಾಮ.

ಎಲ್ಲಿಗೇ ಹೋದರೂ ನಿಯಮಗಳು ಕೆಲವೇ. ಬಿದ್ದದ್ದನ್ನು ನೋಡಬೇಕು, ಇದ್ದದ್ದನ್ನು ಒಡೆಯಬಾರದು. ತರಲೇಬೇಕಾದರೆ ಕಾಡಿನ ಹೊರಗಿನದನ್ನು, ಜಾಗದ ಒಡೆಯರನ್ನು ಕೇಳಿ, ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟನ್ನು ಮಾತ್ರ ತರಬೇಕು. ತಂದ ದಿನ, ಸಿಕ್ಕ ಜಾಗ, ನೆರೆಯ ಕಲ್ಲು, ಮಣ್ಣಿನ ಬಣ್ಣ ಇಷ್ಟನ್ನೂ ಚೀಟಿಯಲ್ಲಿ ಬರೆದು ಅಂಟಿಸಬೇಕು. ಹೊಳೆಯುವ ಹರಳಿನ ನೆಲೆ ಅಪ್ಪಿತಪ್ಪಿ ಕಣ್ಣಿಗೆ ಬಿದ್ದರೆ ಅದನ್ನು ಶಿಕ್ಷಕರಿಗೆ ತಿಳಿಸಿ, ಉಳಿದವರ ಮುಂದೆ ಬಾಯಿ ಮುಚ್ಚಿಕೊಳ್ಳಬೇಕು.

ಊರಿನ ದಾಖಲೆ ಊರಿನಲ್ಲಿರಲಿ

ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣಗಳ ರಕ್ಷಣೆಗೆಂದು ಒಂದು ಕರಡು ಮಸೂದೆಯನ್ನು ಪ್ರಕಟಿಸಿತ್ತು. ದೆಹಲಿಯ ಮಸೂದೆಗಾಗಿ ಕಾಯುತ್ತ ಕೂರಬೇಕಾದ ಅಗತ್ಯ ಹಳ್ಳಿಗಳಿಗಿಲ್ಲ. ಜೀವವೈವಿಧ್ಯ ಕಾಯ್ದೆ 2002ರಂತೆ ಪಂಚಾಯಿತಿಗಳು ಗಿಡ, ಮರ, ಪ್ರಾಣಿಗಳ ಜನತಾ ದಾಖಲೆಯನ್ನು ಬರೆದಿಡಬೇಕಾಗಿದೆ. ಅದೇ ಹೊತ್ತಗೆಯ ಕೊನೆಯಲ್ಲಿ ನಾಲ್ಕು ಪುಟ ಕಲ್ಲು-ಮಣ್ಣಿಗೂ ಮೀಸಲಾಗಲಿ. ಯಾವ ಬರೆ ಯಾವ ವರ್ಷ ಜಾರಿತು, ಯಾವ ಇಳಿಜಾರಿನಲ್ಲಿ ಬಿರುಕು ಕಂಡಿತು, ಯಾವ ಬಾವಿಯಲ್ಲಿ ಎಷ್ಟು ಅಡಿಗೆ ಬಂಡೆ ಸಿಕ್ಕಿತು ಎಂಬುದನ್ನು ಹಿರಿಯರು ಹೇಳಲಿ, ಶಾಲೆಯ ಮಕ್ಕಳು ಬರೆಯಲಿ. ಮುಂದಿನ ಆಗಸ್ಟಿನಲ್ಲಿ ಯಾವ ಮನೆಯವರು ಮೊದಲು ಹೊರಡಬೇಕೆಂದು ನಿರ್ಧರಿಸಲು ಆ ಪುಟಗಳು ಬೇಕಾದಾವು. ಹರಳಿನ ನೆಲೆಗಳನ್ನು ಆ ಪುಟದಲ್ಲಿ ಬರೆಯುವುದು ಬೇಡ. ಅವು ಊರಿನ ಹಿರಿಯರ ನೆನಪಿನಲ್ಲಿದ್ದರೆ ಸಾಕು.

ಏನನ್ನೂ ಎತ್ತಿಕೊಳ್ಳದೆ ಒಂದು ಜಾಗವನ್ನು ತಿಳಿದುಕೊಳ್ಳುವ ವಿದ್ಯೆ ಈ ನಾಡಿಗೆ ಹೊಸದೇನೂ ಅಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಒತ್ತುವರಿಯಿಂದ ಅವು ಕುಗ್ಗಿವೆ, ನಿಜ. ಆದರೂ ಅಲ್ಲಿಂದ ಒಣಕಡ್ಡಿಯನ್ನು ಕೂಡ ಮನೆಗೆ ತರಬಾರದೆಂಬ ಕಟ್ಟಳೆ ಇಂದಿಗೂ ಅನೇಕ ಊರುಗಳಲ್ಲಿ ಉಳಿದಿದೆ. ಕಡ್ಡಿಗೆ ಸಲ್ಲುವ ಮರ್ಯಾದೆ ಕಲ್ಲಿಗೂ ಸಲ್ಲಬೇಕು.

ಮಳೆ ನಿಂತ ಮೇಲೆ ಆ ಇಬ್ಬರೂ ಮತ್ತೆ ಬರುತ್ತಾರೆ. ಜೀಪಿನಲ್ಲಿ ಬಂದವನಿಗೆ ಊರು ಹೇಳಬೇಕಾದ ಮಾತು ಚಿಕ್ಕದು: ಇಲ್ಲಿ ಹರಳಿಲ್ಲ, ಮತ್ತು ನಿನ್ನ ಜೀಪಿನ ನಂಬರು ಬರೆದುಕೊಂಡಿದ್ದೇವೆ. ಚೀಲ ಹೊತ್ತು ನಡೆದು ಬಂದ ವಿದ್ಯಾರ್ಥಿಗೆ ಕಾಫಿ ಕೊಡಬೇಕು, ಕೂರಿಸಬೇಕು, ಹೊಸ ಬಾವಿಯ ಮಣ್ಣಿನ ರಾಶಿಯ ಬಳಿಗೆ ಕರೆದೊಯ್ಯಬೇಕು. ಬೆಟ್ಟ ಹೇಗೆ ತೋಟವಾಯಿತೆಂಬುದನ್ನು ಅವನು ಅಲ್ಲಿ ಕಲಿಯಲಿ. ಕಲಿತದ್ದನ್ನು ಊರಿಗೂ ಹೇಳಿ ಹೋಗಲಿ.